ಮರಣದಂಡನೆ ಇರಬೇಕೆ?

ದಂಡವಿಲ್ಲದೆ ಲೋಕಯಾತ್ರೆಯು ನಡೆಯಲಾರದೆಂಬುದು ನಮ್ಮ ಪ್ರಾಚೀನರ ಸಿದ್ಧಾಂತ. ದಂಡಧರನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವಂತೆ ಬಲಿಷ್ಠನು ದುರ್ಬಲನನ್ನು ನುಂಗುವನು. ಇದನ್ನೇ ಅವರು ಮಾತ್ಸ್ಯನ್ಯಾಯವೆಂದು ಕರೆದರು. ಆದುದರಿಂದ ಅಪರಾಧಿಗೆ ಶಿಕ್ಷೆಯಾಗಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆ ಶಿಕ್ಷೆಯು ಪ್ರಾಣಹರಣದ ವರೆಗೆ ಹೋಗಬಹುದೆ, ಹೋಗಕೂಡದೆ ಎಂಬುದೊಂದೇ ವಿಚಾರಣೀಯವಾದ ಅಂಶ.

ಯಾವುದಾದರೊಂದು ಘೋರಕೃತ್ಯದ ವರ್ತಮಾನವು ಪತ್ರಿಕೆಯಲ್ಲಿ ಬಂದ ದಿನ ಈ ವಿಚಾರವು ಮನೆಮನೆಯ ಪಡಸಾಲೆಯಲ್ಲಿಯೂ ನಡೆಯುತ್ತದೆ. “ಇಂಥವನನ್ನು ಗಲ್ಲಿಗೆ ಹಾಕದೆ ಅನ್ನ ಹಾಕಿ ಸಾಕುವುದೆ?” ಎಂದು ಹಿರಿಯರು ಕೇಳುತ್ತಾರೆ, ಅಡುಗೆಯ ಮನೆಯಿಂದಲೂ ಅದಕ್ಕೆ ಅನುಮೋದನೆ ದೊರೆಯುತ್ತದೆ. ಹೆಣ್ಣುಮಕ್ಕಳನ್ನು ಹೆತ್ತ ತಾಯಿಗೆ ಆ ಕೋಪವು ಬರುವುದು ಸಹಜ, ಬಾರದಿದ್ದರೇ ಆಶ್ಚರ್ಯ. ಅದನ್ನು ನಾವು ಹಳಿಯುವವರಲ್ಲ. ಆದರೆ ಕೋಪವು ಆರಿದ ಮೇಲೆ ಯೋಚಿಸಬೇಕಾದ ಕೆಲವು ಸಂಗತಿಗಳುಂಟು. ಅವುಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಚರ್ಚೆಯು ಪಾಶ್ಚಾತ್ಯರಿಂದ ಬಂದುದೆಂದು ಕೆಲವರು ತಿಳಿದಿರುವರು. ಅದು ಸರಿಯಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ದ್ಯುಮತ್ಸೇನ ರಾಜನಿಗೂ ಅವನ ಮಗನಾದ ಸತ್ಯವಂತನಿಗೂ ಇದೇ ವಿಷಯವಾಗಿ ಸಂವಾದವು ನಡೆದಿದೆ. ಸಾವಿತ್ರಿಯ ಪತಿಯೆಂದು ನಮ್ಮ ಹೆಂಗಸರೆಲ್ಲರೂ ಬಲ್ಲ ಸತ್ಯವಂತನೇ ಈತನು. ತಂದೆಯ ಅಪ್ಪಣೆಯ ಮೇರೆಗೆ ಕೆಲವರನ್ನು ವಧೆಗಾಗಿ ಕರೆದೊಯ್ಯುತ್ತಿರುವುದನ್ನು ಕಂಡು ಅವನು ಆಕ್ಷೇಪಿಸುತ್ತಾನೆ. ಒಬ್ಬ ದಸ್ಯುವನ್ನು ಕೊಂದರೆ, ಏನೊಂದು ತಪ್ಪನ್ನೂ ಮಾಡದ ಅವನ ಹೆಂಡತಿ, ತಾಯಿ, ತಂದೆ, ಮಕ್ಕಳು ಕೂಡ ಹತರಾದಂತೆಯೇ. ದುಷ್ಟನೂ ಒಮ್ಮೊಮ್ಮೆ ಸಜ್ಜನರಿಂದ ಶೀಲವನ್ನು ಕಲಿಯುವನು. ದುಷ್ಟನಿಗೆ ಒಳ್ಳೆಯ ಮಕ್ಕಳು ಹುಟ್ಟುವುದೂ ಉಂಟು. ಆದುದರಿಂದ ಬೇರನ್ನೇ ಕಿತ್ತುಹಾಕದೆ ಬೇರೆ ವಿಧದಿಂದ ದಂಡಿಸಬೇಕು ಎಂಬುದು ಮಗನ ವಾದ. ತಂದೆಯ ಉತ್ತರವೂ ಕಡೆಗಣಿಸತಕ್ಕುದಲ್ಲ. ಹಿಂದಿನ ಜನರಿಗೆ ಧಿಕ್ಕಾರವೇ ಸಾಕಾಗಿತ್ತು, ಅನಂತರ ಕಠೋರವಾದ ಮಾತು ಬೇಕಾಯಿತು, ಅದರ ಮೇಲೆ ಧನದಂಡ ಬಂದಿತು, ಈಗ ವಧದಂಡವು ನಡೆಯುತ್ತಿದೆ. ಅದರಿಂದಲೂ ಕೆಲವರನ್ನು ತಡೆಯಲಾಗುತ್ತಿಲ್ಲ ಎಂದು ಅವನು ಹೇಳುತ್ತಾನೆ. ವಧದಂಡದ ಪಕ್ಷದಲ್ಲಿ ಮಾತನಾಡುವ ಅರಸನೇ ಅದರ ಸಾಮರ್ಥ್ಯಕ್ಕೆ ಒಂದು ಮಿತಿಯುಂಟೆಂದು ಒಪ್ಪಿದುದನ್ನು ಗಮನಿಸಬೇಕು.

ಅಶೋಕ ಚಕ್ರವರ್ತಿಯು ಮರಣದಂಡನೆಯನ್ನು ತೆಗೆದುಹಾಕಲಿಲ್ಲ. ಆದರೆ ದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟಿರುವುದಾಗಿ ತನ್ನ ಸ್ತಂಭಶಾಸನದಲ್ಲಿ ಬರೆಯಿಸಿದನು. ಐದನೆಯ ಶತಮಾನದ ಆದಿಯಲ್ಲಿ ಬಂದ ಚೀನಾದೇಶದ ಯಾತ್ರಿಕ ಫಾಹಿಯಾನನು, ಮಧ್ಯದೇಶದ ಅರಸರು ಶಿರಚ್ಛೇದವಿಲ್ಲದೆಯೇ ರಾಜ್ಯವಾಳುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಹೀಗೆ ಎರಡು ಪಕ್ಷಗಳೂ ನಮ್ಮವೇ ಆಗಿವೆ.

ಇನ್ನು ಈಚಿನ ಚರಿತ್ರೆಯನ್ನು ನೋಡೋಣ. 1898ನೆಯ ಇಸವಿಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಪ್ರಕಾರ, ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ನ್ಯಾಯಾಧೀಶನು ಅದನ್ನು ವಿಧಿಸದಿದ್ದರೆ ಕಾರಣವನ್ನು ಬರೆಯಬೇಕಾಗಿತ್ತು. 1931ರಲ್ಲಿ ಬಿಹಾರದ ಗಯಾ ಪ್ರಸಾದ್ ಸಿಂಹರು ಕೇಂದ್ರ ಶಾಸನಸಭೆಯಲ್ಲಿ ಮರಣದಂಡನೆಯನ್ನು ರದ್ದುಪಡಿಸುವ ಮಸೂದೆಯನ್ನು ತಂದರು, ಅದು ಬಿದ್ದುಹೋಯಿತು. 1944ರಲ್ಲಿ ತಿರುವಾಂಕೂರು ಸಂಸ್ಥಾನವು ಅದನ್ನು ರದ್ದುಗೊಳಿಸಿತು. ಸಂಸ್ಥಾನವು ಭಾರತದಲ್ಲಿ ಸೇರಿದ ತರುವಾಯ ಹಳೆಯ ಶಿಕ್ಷೆಯು ಮರಳಿ ಬಂದಿತು. 1949ರಲ್ಲಿ ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು, ಮರಣದಂಡನೆಯನ್ನೇ ತೆಗೆದುಹಾಕುವುದು ಹೆಚ್ಚು ಉಚಿತವೆಂದೂ, ಅಹಿಂಸೆಯನ್ನು ಧರ್ಮವೆಂದು ನಂಬಿದ ದೇಶಕ್ಕೆ ಅದು ತಕ್ಕುದೆಂದೂ ಅಭಿಪ್ರಾಯಪಟ್ಟರು. 1955ರ ತಿದ್ದುಪಡಿಯಿಂದ ಕಾರಣ ಬರೆಯುವ ಹಳೆಯ ನಿಯಮವು ಹೋಯಿತು. 1973ರ ಹೊಸ ಸಂಹಿತೆಯಲ್ಲಿ ಅದು ತಲೆಕೆಳಗಾಗಿ, ಮರಣದಂಡನೆಯನ್ನು ವಿಧಿಸುವುದಕ್ಕೇ ವಿಶೇಷ ಕಾರಣಗಳನ್ನು ಬರೆಯಬೇಕೆಂದಾಯಿತು. 1980ರಲ್ಲಿ ಸುಪ್ರೀಂ ಕೋರ್ಟು ಬಚನ್ ಸಿಂಗ್ ಮೊಕದ್ದಮೆಯಲ್ಲಿ, ಅಪರೂಪದಲ್ಲಿ ಅಪರೂಪವಾದ ಪ್ರಸಂಗಗಳಲ್ಲಿ ಮಾತ್ರ ಈ ಶಿಕ್ಷೆಯಾಗಬೇಕೆಂದು ನಿರ್ಣಯಿಸಿತು. ಐವರು ನ್ಯಾಯಮೂರ್ತಿಗಳಲ್ಲಿ ಭಗವತಿಯವರೊಬ್ಬರು, ಈ ಶಿಕ್ಷೆಯೇ ಸಂವಿಧಾನಕ್ಕೆ ವಿರುದ್ಧವೆಂದು ಭಿನ್ನಮತವನ್ನು ಕೊಟ್ಟರು.

ಶಿಕ್ಷೆಯಿರಬೇಕೆನ್ನುವವರ ವಾದವನ್ನು ನಾವು ಹಗುರವಾಗಿ ಎಣಿಸಬಾರದು. ಪ್ರಾಣಭಯಕ್ಕಿಂತ ದೊಡ್ಡ ಭಯವಿಲ್ಲ, ಆದುದರಿಂದ ಅದು ಪಾತಕಿಗಳನ್ನು ತಡೆಯುವುದು ಎಂಬುದು ಒಂದು. ಕೊಲೆಯಾದವರ ಮನೆಯವರಿಗೆ ನ್ಯಾಯ ಸಿಕ್ಕಿದ ಸಮಾಧಾನವಾಗುವುದೆಂಬುದು ಎರಡು. ಇಷ್ಟು ವಿಶಾಲವಾದ, ಇಷ್ಟು ವೈವಿಧ್ಯವುಳ್ಳ ದೇಶದಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕುವುದು ಅಪಾಯವೆಂಬುದು ಮೂರು. 1967ರಲ್ಲಿ ಲಾ ಕಮಿಷನ್ನು ಇದೇ ಕಾರಣವನ್ನು ಮುಂದಿಟ್ಟು ಶಿಕ್ಷೆಯು ಇರಲೆಂದು ಶಿಫಾರಸು ಮಾಡಿತು. ಆದರೆ 2015ರಲ್ಲಿ ನ್ಯಾಯಮೂರ್ತಿ ಎ. ಪಿ. ಶಾಹರ ಅಧ್ಯಕ್ಷತೆಯಲ್ಲಿ ಅದೇ ಕಮಿಷನ್ನು ಈ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಿ, ಆಜೀವ ಕಾರಾಗೃಹವಾಸಕ್ಕಿಂತ ಮರಣದಂಡನೆಯು ಹೆಚ್ಚಾಗಿ ಅಪರಾಧವನ್ನು ತಡೆಯುವುದೆಂಬುದಕ್ಕೆ ಆಧಾರವಿಲ್ಲವೆಂದು ಕಂಡುಕೊಂಡು, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡುವುದು ಇವುಗಳ ಹೊರತು ಉಳಿದ ಅಪರಾಧಗಳಿಗೆ ಅದನ್ನು ತೆಗೆದುಹಾಕಬೇಕೆಂದು ಹೇಳಿತು. ಕಳ್ಳನು ಹೆದರುವುದು ಸಿಕ್ಕಿಬೀಳುವೆನೆಂಬ ನಿಶ್ಚಯಕ್ಕೆ. ಸಿಕ್ಕುವುದೇ ಇಲ್ಲವೆಂದು ನಂಬಿದವನಿಗೆ ಶಿಕ್ಷೆಯು ಎಷ್ಟು ಘೋರವಾಗಿದ್ದರೇನು?

ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದ ಪ್ರಶ್ನೆಯು ಬೇರೊಂದು. ದುಷ್ಟನು ಸಾವಿಗೆ ಅರ್ಹನೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ತೂಗುವ ತಕ್ಕಡಿಯು ಸಮವಾಗಿದೆಯೆ ಎಂದು ಕೇಳುವವರು ಕಡಿಮೆ.

ಉತ್ತರಪ್ರದೇಶದಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆಗಾಗಿ 1975ರಲ್ಲಿ ಮೂವರಿಗೆ ಮರಣದಂಡನೆಯಾಯಿತು. ಅಪರಾಧದಲ್ಲಿ ಮೂವರ ಪಾಲೂ ಸಮಾನವಾಗಿತ್ತು. ಮೂವರೂ ಬೇರೆಬೇರೆಯಾಗಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಒಬ್ಬನ ಅರ್ಜಿಯು 1976ರಲ್ಲಿ ವಜಾ ಆಯಿತು. ಎರಡನೆಯವನ ಶಿಕ್ಷೆಯನ್ನು 1977ರಲ್ಲಿ ಬೇರೆ ನ್ಯಾಯಮೂರ್ತಿಗಳು ಆಜೀವ ಕಾರಾಗೃಹವಾಸಕ್ಕೆ ಇಳಿಸಿದರು. ಮೂರನೆಯವನ ಅರ್ಜಿಯು 1978ರಲ್ಲಿ ವಜಾ ಆಯಿತು. ಮೊದಲನೆಯವನನ್ನು 1981ರ ಅಕ್ಟೋಬರಿನಲ್ಲಿ ಗಲ್ಲಿಗೇರಿಸಲಾಯಿತು. ಮೂರನೆಯವನು ಮತ್ತೊಮ್ಮೆ ಕೋರ್ಟಿಗೆ ಬಂದುದರಿಂದ ಈ ವ್ಯತ್ಯಾಸವು ಬೆಳಕಿಗೆ ಬಂದಿತು. 1982ರಲ್ಲಿ ಕೋರ್ಟು ಅವನ ಶಿಕ್ಷೆಯನ್ನು ಇಳಿಸುವಂತೆ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಒಂದೇ ಪಾತಕ, ಒಂದೇ ಸಾಕ್ಷ್ಯ. ಒಬ್ಬನು ಸತ್ತನು, ಇಬ್ಬರು ಉಳಿದರು. ವ್ಯತ್ಯಾಸಕ್ಕೆ ಕಾರಣ ಅರ್ಜಿಯು ಯಾರ ಮುಂದೆ, ಯಾವಾಗ ಬಂದಿತೆಂಬುದು ಮಾತ್ರ.

ಅಷ್ಟು ದೂರ ಹೋಗಬೇಕಾಗಿಲ್ಲ. 1991ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕೊಲೆಯ ಮೊಕದ್ದಮೆಯು 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬಂದಿತು. ಅಪರಾಧವು ಸಿದ್ಧವಾಗಿದೆಯೆಂದು ಇಬ್ಬರೂ ಒಪ್ಪಿದರು. ಗಲ್ಲು ಬೇಕೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು ಬರೆದರು. ಕೊನೆಗೆ 2008ರಲ್ಲಿ ಮೂವರು ನ್ಯಾಯಮೂರ್ತಿಗಳು ಆ ಅಪರಾಧಿಯು ಜೀವವಿರುವ ವರೆಗೂ ಬಿಡುಗಡೆಯಿಲ್ಲದೆ ಸೆರೆಮನೆಯಲ್ಲಿಯೇ ಇರತಕ್ಕದ್ದೆಂದು ತೀರ್ಪಿತ್ತರು.

ತೂಕದ ದೋಷ ಹಾಗಿರಲಿ. ಮನುಷ್ಯನನ್ನೇ ತಪ್ಪಾಗಿ ಗುರುತಿಸಿದರೆ ಗತಿಯೇನು? ಮಹಾರಾಷ್ಟ್ರದಲ್ಲಿ 2003ರಲ್ಲಿ ನಡೆದ ಒಂದು ದರೋಡೆಯಲ್ಲಿ ಐವರ ಕೊಲೆಯಾಯಿತು. ಆರು ಜನ ಬಡವರು ಆರೋಪಿಗಳಾದರು. ಹೈಕೋರ್ಟು ಅವರಲ್ಲಿ ಮೂವರ ಗಲ್ಲನ್ನು ಆಜೀವ ಶಿಕ್ಷೆಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ಆ ಮೂವರಿಗೂ ಸೇರಿಸಿ ಆರು ಮಂದಿಗೂ ಗಲ್ಲನ್ನೇ ವಿಧಿಸಿತು. ಆದರೆ ಅಂದು ಬದುಕಿ ಉಳಿದಿದ್ದ ಸಾಕ್ಷಿಯು ಮೊದಲು ಪೊಲೀಸರ ಭಾವಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ನಾಲ್ವರ ವಿಚಾರಣೆಯೇ ಆಗಿರಲಿಲ್ಲ. 2019ರಲ್ಲಿ ಅದೇ ಸುಪ್ರೀಂ ಕೋರ್ಟು ಆರು ಮಂದಿಯನ್ನೂ ನಿರ್ದೋಷಿಗಳೆಂದು ಬಿಟ್ಟು, ತಲಾ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಿಸಿತು. ನಡುವಣ ಹತ್ತು ವರ್ಷಗಳಲ್ಲಿ ಹಗ್ಗವು ತನ್ನ ಕೆಲಸವನ್ನು ಮುಗಿಸಿದ್ದರೆ ಆ ತೀರ್ಪನ್ನು ಯಾರಿಗೆ ಓದಿ ಹೇಳಬೇಕಾಗಿತ್ತು? ಇಂಗ್ಲೆಂಡಿನಲ್ಲಿ ಹೀಗೆಯೇ ಆಯಿತು. ಟಿಮೊತಿ ಎವಾನ್ಸನೆಂಬ ತರುಣನನ್ನು ತನ್ನ ಮಗುವನ್ನೇ ಕೊಂದನೆಂದು 1950ರಲ್ಲಿ ನೇಣುಹಾಕಿದರು. ಅವನ ವಿರುದ್ಧ ಸಾಕ್ಷಿ ನುಡಿದಿದ್ದ ಕೆಳಮನೆಯ ನೆರೆಯವನೇ ಅನೇಕ ಹೆಂಗಸರನ್ನು ಕೊಂದವನೆಂದು 1953ರಲ್ಲಿ ಹೊರಬಿದ್ದಿತು. 1966ರಲ್ಲಿ ಎವಾನ್ಸನಿಗೆ ಕ್ಷಮಾದಾನವನ್ನು ಕೊಟ್ಟರು, ಪಡೆಯುವುದಕ್ಕೆ ಅವನಿರಲಿಲ್ಲ.

ಕಾಲವು ಬದಲಾದರೆ ಅಪರಾಧದ ಅರ್ಥವೂ ಬದಲಾಗುವುದುಂಟು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಉದ್ರಿಕ್ತವಾದ ಜನಸಮೂಹದಿಂದ ಅಮಲ್ದಾರರೂ ಪೊಲೀಸು ಅಧಿಕಾರಿಯೂ ಹತರಾದರು. 1943ರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಇಂದು ಅವರನ್ನು ನಾವು ಹುತಾತ್ಮರೆಂದು ಸ್ಮರಿಸುತ್ತೇವೆ. ಸತ್ತ ಅಧಿಕಾರಿಗಳ ಮನೆಯಲ್ಲಿಯೂ ಅಳುವವರಿದ್ದರೆಂಬುದನ್ನು ಮರೆಯುವಂತಿಲ್ಲ. ಆದರೆ ಅಂದು ಸೆರೆಯಲ್ಲಿ ಇಟ್ಟಿದ್ದರೆ ನಾಲ್ಕೈದು ವರ್ಷಗಳಲ್ಲಿಯೇ ಅವರು ಸ್ವತಂತ್ರ ದೇಶದ ಬೆಳಕನ್ನು ಕಾಣುತ್ತಿದ್ದರು.

“ಅನ್ನ ಹಾಕಿ ಸಾಕುವುದೆ?” ಎಂಬ ಮಾತಿಗೆ ಉತ್ತರವನ್ನು ಹೇಳಬೇಕಷ್ಟೆ. ಆಜೀವ ಶಿಕ್ಷೆಯೆಂದರೆ ಹದಿನಾಲ್ಕು ವರ್ಷಗಳೆಂದು ಜನರಲ್ಲಿ ಒಂದು ತಪ್ಪು ಭಾವನೆಯಿದೆ. ಕಾನೂನಿನಲ್ಲಿ ಅದರ ಅರ್ಥ ಜೀವವಿರುವ ವರೆಗೆ ಎಂದೇ. ಹದಿನಾಲ್ಕು ವರ್ಷಗಳು ಕಳೆದ ಮೇಲೆ ಸರಕಾರವು ಬೇಕಾದರೆ ಮನ್ನಾ ಮಾಡಬಹುದು, ಅಷ್ಟೆ. ಬೆಂಗಳೂರಿನ ಮೊಕದ್ದಮೆಯಲ್ಲಿ ಆದಂತೆ ಅದಕ್ಕೂ ಅವಕಾಶವಿಲ್ಲದೆ ಮಾಡುವುದು ಸಾಧ್ಯ. ಗಲ್ಲಿನಿಂದ ಶೀಘ್ರನ್ಯಾಯವಾಗುವುದೆಂಬುದೂ ಭ್ರಮೆ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ, ದೇಶವನ್ನೇ ನಡುಗಿಸಿದ ಘೋರಕೃತ್ಯದ ನಾಲ್ವರು ಅಪರಾಧಿಗಳು ಗಲ್ಲಿಗೇರಿದುದು 2020ರ ಮಾರ್ಚಿಯಲ್ಲಿ. ಅಷ್ಟು ವರ್ಷವೂ ಮಗಳನ್ನು ಕಳೆದುಕೊಂಡ ತಾಯಿಯು ಕೋರ್ಟಿನಿಂದ ಕೋರ್ಟಿಗೆ ಅಲೆಯಬೇಕಾಯಿತು. ಕೊಲೆಯಾದವರ ಮನೆಯಲ್ಲಿ ಉಳಿದ ಮಕ್ಕಳ ಅನ್ನ, ವಿದ್ಯೆ, ಮದುವೆ ಇವುಗಳ ಚಿಂತೆಯನ್ನು ಹಗ್ಗವು ವಹಿಸಿಕೊಳ್ಳುವುದಿಲ್ಲ. ನೊಂದವರಿಗೆ ಪರಿಹಾರ ಕೊಡುವ ಯೋಜನೆಯು ಪ್ರತಿಯೊಂದು ರಾಜ್ಯದಲ್ಲಿಯೂ ಇರಬೇಕೆಂದು 2009ರಿಂದ ಕಾನೂನೇ ಇದೆ. ಅದು ಸಕಾಲದಲ್ಲಿ ಕೈಸೇರುವಂತೆ ಒತ್ತಾಯಿಸುವವರು ನಮ್ಮಲ್ಲಿ ಎಷ್ಟು ಮಂದಿ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಮರಣದಂಡನೆಯನ್ನು ಉಳಿಸಿಕೊಂಡಿದೆ. ನೆರೆಯ ನೇಪಾಳವು 1990ರ ಸಂವಿಧಾನದಿಂದಲೂ ಭೂತಾನವು 2004ರಲ್ಲಿಯೂ ಅದನ್ನು ಬಿಟ್ಟುಬಿಟ್ಟಿವೆ. ಅಲ್ಲಿಯೂ ಸಂಸಾರಸ್ಥರು ಬಾಗಿಲು ಹಾಕಿಕೊಂಡು ನೆಮ್ಮದಿಯಿಂದ ಮಲಗುತ್ತಿದ್ದಾರೆ. ನಾವೂ ಬಿಡಬೇಕೆಂಬುದೇ ನಮ್ಮ ಮತ. ಪಾಪಿಯ ಮೇಲಿನ ಕರುಣೆಯೇ ಇದಕ್ಕೆ ಕಾರಣವೆಂದು ಯಾರೂ ತಿಳಿಯಬಾರದು. ಕರುಣೆಯಿಲ್ಲದವನಿಗೂ ಒಪ್ಪಿಗೆಯಾಗುವ ಕಾರಣವನ್ನೇ ನಾವು ಹೇಳಿದ್ದೇವೆ. ಧನದಂಡವು ತಪ್ಪಾದರೆ ಹಣವನ್ನು ಹಿಂದಿರುಗಿಸಬಹುದು. ಸೆರೆಯು ತಪ್ಪಾದರೆ ಬಾಗಿಲನ್ನು ತೆರೆಯಬಹುದು. ಕಳೆದ ವರ್ಷಗಳು ಬಾರದಿದ್ದರೂ ಉಳಿದ ವರ್ಷಗಳಾದರೂ ಆ ಮನುಷ್ಯನಿಗೆ ಸಿಕ್ಕುವುವು. ಮುಂದಿನ ಸಲ ಪತ್ರಿಕೆಯನ್ನು ಓದಿ “ಗಲ್ಲಿಗೆ ಹಾಕಬೇಕು” ಎನ್ನುವ ಮೊದಲು, ಹಿಡಿದು ತಂದವನು ಅವನೇ ಹೌದೆ ಎಂಬ ಒಂದು ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಕೇಳಿಕೊಂಡರೆ, ಈ ಲೇಖನವು ಸಾರ್ಥಕವಾಯಿತೆಂದು ಭಾವಿಸುವೆವು.