ಅಚ್ಚಿನೊಳಗೆ ರಾಳದ ಹರಿವನ್ನು ಕಾಯುವ ಕೆಲಸ

ಕಳೆದ ವರ್ಷ ಪೋಷಕರ ಸಭೆಯು ಮುಗಿದ ತರುವಾಯ ದೊಡ್ಡಬಳ್ಳಾಪುರದ ಮಗ್ಗದ ಯಜಮಾನರೊಬ್ಬರು ನಮ್ಮಲ್ಲಿಗೆ ಬಂದು, "ಅಮ್ಮಾವ್ರೇ, ನಮ್ಮ ಹುಡುಗಿಯನ್ನು ಇಷ್ಟು ಓದಿಸಿದಿರಿ. ಈಗ ಅವಳು ಕಾರ್ಖಾನೆಯಲ್ಲಿ ಅಂಟು ಹರಿಯುವುದನ್ನು ನೋಡುತ್ತ ನಿಂತಿರುತ್ತಾಳಂತೆ. ಅದೂ ಒಂದು ಉದ್ಯೋಗವೇ?" ಎಂದು ಕೇಳಿದರು. ಆ ದಿನ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿರಲಿಲ್ಲ. ಅದೇ ಸಂದೇಹವುಳ್ಳ ಪೋಷಕರು ಬೇರೆಯೂ ಇರಬಹುದಾದ್ದರಿಂದ ವಿಷಯವನ್ನು ಇಲ್ಲಿ ವಿಶದಪಡಿಸುವೆವು.

ವಿಮಾನದ ರೆಕ್ಕೆ, ಗಾಳಿಯಂತ್ರದ ಅಲಗು ಮೊದಲಾದವುಗಳನ್ನು ಈಗ ಲೋಹವಿಲ್ಲದೆಯೂ ಮಾಡುತ್ತಾರೆ. ಗಾಜಿನ ಅಥವಾ ಇಂಗಾಲದ ಸೂಕ್ಷ್ಮವಾದ ಎಳೆಗಳಿಂದಾದ ಬಟ್ಟೆಯನ್ನು ಅಚ್ಚಿನಲ್ಲಿ ಪದರಪದರವಾಗಿ ಹಾಸಿ, ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಭದ್ರವಾಗಿ ಮುಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಸೆಳೆದುಬಿಡುವರು. ಬಳಿಕ ಇನ್ನೊಂದು ಕೊಳವೆಯನ್ನು ತೆರೆಯಲು ದ್ರವರೂಪದ ರಾಳವು ಒಳಹೊಕ್ಕು ಬಟ್ಟೆಯನ್ನು ನೆನೆಸಿ, ಕೆಲವು ಗಂಟೆಗಳಲ್ಲಿ ಗಟ್ಟಿಯಾಗುವುದು. ನಮ್ಮ ಜಿಲ್ಲೆಗೆ ಇದು ಅಪರಿಚಿತವಲ್ಲ. ಡೆನ್ಮಾರ್ಕ್ ಮೂಲದ ಎಲ್.ಎಂ. ಸಂಸ್ಥೆಯು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ಗಾಳಿಯಂತ್ರದ ಅಲಗುಗಳ ಕಾರ್ಖಾನೆಯನ್ನು ಸ್ಥಾಪಿಸಿತು. 1959ರಲ್ಲಿ ಆರಂಭವಾದ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸಿನವರು ಬೆಂಗಳೂರಿನಲ್ಲಿ ಸಾರಸ್ ವಿಮಾನದ ರೆಕ್ಕೆಗಾಗಿ ಇದೇ ಜಾತಿಯ 'ವೆರಿಟಿ' ಎಂಬ ವಿಧಾನವನ್ನು ರೂಪಿಸಿದರು.

ರಾಳವನ್ನು ಒಳಕ್ಕೆ ತಳ್ಳುವುದು ವಾಸ್ತವವಾಗಿ ಹೊರಗಿನ ವಾಯುಭಾರ. ಸಮುದ್ರತೀರದಲ್ಲಿ ಅದು ಚದರ ಮೀಟರಿಗೆ ಸುಮಾರು 10 ಟನ್ನು. ಸುಮಾರು 900 ಮೀಟರು ಎತ್ತರದ ನಮ್ಮ ಸೀಮೆಯಲ್ಲಿ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ಮಂಗಳೂರಿನಲ್ಲಿ ದೊರೆಯುವಷ್ಟು ನೂಕುಬಲವು ನಮಗಿಲ್ಲ!

ಫ್ರಾನ್ಸಿನ ದಿಜೋನ್ ನಗರಕ್ಕೆ ನೀರನ್ನು ಒದಗಿಸಿದ ಎಂಜಿನಿಯರ್ ಹೆನ್ರಿ ದಾರ್ಸಿಯವರು ಮರಳಿನ ಮೂಲಕ ನೀರು ಇಳಿಯುವ ನಿಯಮವನ್ನು 1856ರಲ್ಲಿ ಪ್ರಕಟಿಸಿದರು. ರಾಳಕ್ಕೂ ಅದೇ ನಿಯಮ. ದ್ರವವು ಮುಂದುವರಿದಷ್ಟೂ ಹಿಂದಿನ ದಾರಿ ಉದ್ದವಾಗಿ ವೇಗವು ಕುಗ್ಗುತ್ತದೆ. ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಕಾಲ ಬೇಕು. ನಮ್ಮ ಹತ್ತನೆಯ ತರಗತಿಯ ಹುಡುಗಿಯರು ಹಳೆಯ ಸೀರೆಯ ಪಟ್ಟಿಯನ್ನು ಮೇಜಿನ ಮೇಲೆ ಚಾಚಿ, ತುದಿಯನ್ನು ಬಣ್ಣದ ನೀರಿನಲ್ಲಿ ಅದ್ದಿ, ಅಂಗುಲ ಅಂಗುಲಕ್ಕೂ ಗಡಿಯಾರ ನೋಡಿದರು. ಅಲ್ಲಿ ನೀರನ್ನು ಎಳೆದದ್ದು ಬಟ್ಟೆಯೇ ಆದರೂ, ವೇಗವು ಹೀಗೆಯೇ ಕುಗ್ಗಿದುದನ್ನು ಕಂಡರು. ಆದರೆ ಕಾರ್ಖಾನೆಯ ರಾಳಕ್ಕೆ ನೀರಿನಂತೆ ಬೇಕಾದಷ್ಟು ಕಾಲಾವಕಾಶವಿಲ್ಲ. ಹಾರ್ಡನರ್ ಬೆರೆಸಿದ ಕ್ಷಣದಿಂದ ಅದು ಮಂದವಾಗುತ್ತ ಹೋಗುತ್ತದೆ.

ಇದನ್ನೆಲ್ಲ ಆ ಯಜಮಾನರಿಗೆ ಮತ್ತೊಮ್ಮೆ ಹೇಳಿದಾಗ ಅವರು, "ಬಟ್ಟೆಯ ಅಂಚು ಸಡಿಲವಾಗಿದ್ದರೆ ಅಲ್ಲೇ ಮೊದಲು ಓಡಿಬಿಡುತ್ತದಲ್ಲ?" ಎಂದರು. ಪುಸ್ತಕ ಓದದೆಯೇ ಅವರು ಮುಖ್ಯವಾದ ಅಪಾಯವನ್ನು ಹಿಡಿದಿದ್ದರು. ಅಂಚಿನ ಸಂದಿಯಲ್ಲಿ ರಾಳವು ಧಾವಿಸಿ, ಗಾಳಿ ಹೊರಹೋಗುವ ಬಾಯಿಯನ್ನು ಮೊದಲೇ ತಲುಪಿದರೆ ನಡುವಣ ಬಟ್ಟೆಯು ಒಣಗಿಯೇ ಉಳಿಯುತ್ತದೆ. ಹೊರಗಿನಿಂದ ರೆಕ್ಕೆ ನುಣುಪಾಗಿಯೇ ಕಾಣಬಹುದು. ಒಳಗೆ ಎಳೆಗಳನ್ನು ಬಂಧಿಸುವ ರಾಳವಿಲ್ಲದ ಆ ಸ್ಥಳವು ಭಾರ ಬಿದ್ದಾಗ ಸೋಲುವುದು.

ಆದಕಾರಣ ಹರಿವನ್ನು ಕಾಯಬೇಕು. ಗಾಜಿನ ಬಟ್ಟೆಯಾದರೆ ಪಾರದರ್ಶಕ ಹಾಳೆಯ ಮೂಲಕ ತೇವದ ಗೆರೆಯು ಕಣ್ಣಿಗೇ ಕಾಣುತ್ತದೆ. ಆದರೆ ಅದು ಮೇಲ್ಪದರದ ಸುದ್ದಿ ಮಾತ್ರ. ದಪ್ಪವಾದ ಹಾಸಿನಲ್ಲಿ ಕೆಳಪದರವು ಹಿಂದುಳಿದಿರಬಹುದು. ಅದಕ್ಕಾಗಿ ಒಳಗೇ ಸೆನ್ಸರುಗಳನ್ನು ಇಡುವರು. ಒಂದು ಬಗೆಯಲ್ಲಿ, ಜೋಡಿ ತಂತಿಗಳ ನಡುವಣ ಗಾಳಿಯ ಸ್ಥಾನಕ್ಕೆ ರಾಳ ಬಂದೊಡನೆ ಅವುಗಳ ವಿದ್ಯುದ್ಗುಣವು ಬದಲಾಗುತ್ತದೆ. ಇನ್ನೊಂದರಲ್ಲಿ, ಹೊದಿಕೆ ತೆಗೆದ ಗಾಜಿನ ಎಳೆಯೊಂದರಲ್ಲಿ ಬೆಳಕನ್ನು ಹಾಯಿಸುತ್ತಾರೆ. ಸುತ್ತಲೂ ಗಾಳಿಯಿರುವ ತನಕ ಬೆಳಕು ಎಳೆಯೊಳಗೇ ಸಾಗುತ್ತದೆ. ರಾಳ ತಗುಲಿದಲ್ಲಿ ಸೋರಿಹೋಗಿ ಮಂಕಾಗುತ್ತದೆ. ಈ ಎರಡನೆಯ ಉಪಾಯವು ನಮಗೆ ಬಹಳ ಮೆಚ್ಚುಗೆಯಾಯಿತು. ಇಂಗಾಲದ ಬಟ್ಟೆಯು ಕಪ್ಪಾಗಿರುವುದಲ್ಲದೆ ವಿದ್ಯುತ್ತನ್ನೂ ಹರಿಯಗೊಡುವುದರಿಂದ ಅಲ್ಲಿ ಬರಿಯ ತಂತಿಗಳನ್ನು ಇಡಲಾಗದು. ನಡುವೆ ಗಾಜಿನ ಬಟ್ಟೆಯ ತುಂಡನ್ನು ಹಾಕಬೇಕು.

ರಾಳವು ಒಂದು ಕಡೆ ಮುಂದೋಡಿತೆಂದು ತಿಳಿದ ಕೂಡಲೇ ಆ ಕಡೆಯ ಕೊಳವೆಯನ್ನು ಹಿಸುಕಿ ಮುಚ್ಚಿ, ಹಿಂದುಳಿದ ಕಡೆ ಇನ್ನೊಂದನ್ನು ತೆರೆಯುವರು. ಆ ಹುಡುಗಿಯು ನೋಡುತ್ತ ನಿಲ್ಲುವುದು ಈ ನಿರ್ಧಾರಕ್ಕಾಗಿ. ರಾಳ ಹೆಪ್ಪುಗಟ್ಟಿದ ಮೇಲೆ ಶ್ರವಣಾತೀತ ಧ್ವನಿಯಿಂದ ಒಣಭಾಗವನ್ನು ಪತ್ತೆಮಾಡಬಹುದು; ಆಗ ಉಳಿಯುವುದು ಕೊರೆದು ತೇಪೆ ಹಾಕುವುದು, ಇಲ್ಲವೇ ಇಡೀ ಭಾಗವನ್ನು ಎಸೆದುಬಿಡುವುದು.