ಉಬ್ಬುತಗ್ಗಿನ ತಿರುವಿನಲ್ಲಿ ಮೋಟಾರ್ ಸೈಕಲ್

ಘಟ್ಟದ ರಸ್ತೆಯಲ್ಲಿ ಮೋಟಾರ್ ಸೈಕಲ್ ನಡೆಸಿದವರಿಗೆಲ್ಲ ಒಂದು ಸಂಗತಿ ಅನುಭವಕ್ಕೆ ಬಂದಿರುತ್ತದೆ. ನೇರವಾದ ದಾರಿಯಲ್ಲಿ ಒಂದು ಕುಲುಕು ಕೊಟ್ಟು ಸುಮ್ಮನಾಗುವ ತಗ್ಗು, ತಿರುವಿನಲ್ಲಿ ಎದುರಾದಾಗ ಬಂಡಿಯನ್ನೇ ಹೊರಮಗ್ಗುಲಿಗೆ ತಳ್ಳಿಬಿಡುತ್ತದೆ. ತಗ್ಗಿನ ಆಳ ಅಷ್ಟೇ, ಬಂಡಿಯ ವೇಗವೂ ಅಷ್ಟೆ. ಆದರೂ ಒಂದು ಕಡೆ ಸವಾರನ ಸೊಂಟಕ್ಕೆ ನೋವು, ಇನ್ನೊಂದು ಕಡೆ ಪ್ರಾಣಕ್ಕೇ ಅಪಾಯ. ಈ ಭೇದಕ್ಕೆ ಕಾರಣವೇನು? ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಿದರೆ ಬಂಡಿ ತಿರುವಿನಲ್ಲಿ ಅಷ್ಟು ಭದ್ರವಾಗಿ ನಿಲ್ಲುತ್ತದೆಂದು ಹಲವು ತರುಣರು ನಂಬಿರುವರು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ? ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವೇ ಇದಕ್ಕೆ ಉತ್ತರ ಕೊಡಬಲ್ಲುದು.

ವಾಲಿದ ಬಂಡಿಯ ಲೆಕ್ಕ

ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, 40 ಮೀಟರ್ ತ್ರಿಜ್ಯದ ತಿರುವಿನಲ್ಲಿ ಬಂಡಿ ಸಾಗುತ್ತಿದೆಯೆಂದು ಭಾವಿಸೋಣ. ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ವಾಲುವ ಕೋನದ ಟ್ಯಾಂಜೆಂಟ್ ಬರುತ್ತದೆ. ಇಲ್ಲಿ ಅದು ಸುಮಾರು 0.57, ಕೋನವು 30 ಡಿಗ್ರಿ. ಬಂಡಿಯನ್ನು ವೃತ್ತಪಥದಲ್ಲಿ ಹಿಡಿದಿಡುವ ಬಲವೆಲ್ಲ ಟೈರು ಮತ್ತು ರಸ್ತೆಗಳ ನಡುವಣ ಘರ್ಷಣೆಯಿಂದಲೇ ದೊರೆಯಬೇಕು. ಆ ಬಲ ಬಂಡಿಯ ತೂಕದ 0.57ರಷ್ಟು.

ಒಣಗಿದ ಡಾಂಬರು ರಸ್ತೆಯಲ್ಲಿ ಒಳ್ಳೆಯ ಟೈರಿನ ಘರ್ಷಣ ಗುಣಾಂಕ ಸುಮಾರು 0.8 ಎಂದಿಟ್ಟುಕೊಂಡರೆ, ನಮ್ಮ ಕೈಯಲ್ಲಿ ಸ್ವಲ್ಪ ಉಳಿತಾಯವಿದೆಯೆಂದಾಯಿತು. ಆದರೆ ಘರ್ಷಣೆಯು ಚಕ್ರವು ನೆಲವನ್ನು ಎಷ್ಟು ಒತ್ತುತ್ತದೆಂಬುದನ್ನು ಅವಲಂಬಿಸಿದೆ. ಉಬ್ಬನ್ನು ಹತ್ತಿ ನೆಗೆದ ಚಕ್ರದ ಒತ್ತಡ ಒಂದು ಕ್ಷಣ ಹತ್ತರಲ್ಲಿ ಏಳು ಪಾಲಿಗೆ ಇಳಿಯಿತೆನ್ನೋಣ. ಆಗ ದೊರೆಯುವ ಘರ್ಷಣೆ 0.8ರ ಏಳು ದಶಾಂಶ, ಎಂದರೆ 0.56 ಮಾತ್ರ. ಬೇಕಾದುದು 0.57! ಚಕ್ರ ಜಾರಿತು. ನೇರ ದಾರಿಯಲ್ಲಿ ಚಕ್ರದಿಂದ ಪಕ್ಕದ ಬಲವನ್ನು ಯಾರೂ ಕೇಳುವುದಿಲ್ಲವಾದುದರಿಂದ ಅದೇ ನೆಗೆತ ನಿರಪಾಯಕರ. ಆದುದರಿಂದ ಸ್ಪ್ರಿಂಗು ಇರುವುದು ಸವಾರನ ಸುಖಕ್ಕಾಗಿ ಮಾತ್ರವಲ್ಲ. ಚಕ್ರವನ್ನು ಸದಾ ನೆಲಕ್ಕೆ ಒತ್ತಿ ಹಿಡಿಯುವುದೇ ಅದರ ಮುಖ್ಯ ಕರ್ತವ್ಯ.

ತಿರುವಿನಲ್ಲಿ ಇನ್ನೆರಡು ತೊಡಕುಗಳು ಸೇರಿಕೊಳ್ಳುತ್ತವೆ. ಮೊದಲನೆಯದಾಗಿ, ವಾಲಿದ ಬಂಡಿಯ ಸ್ಪ್ರಿಂಗುಗಳ ಮೇಲೆ ಬೀಳುವ ಭಾರ ಹೆಚ್ಚುತ್ತದೆ. 30 ಡಿಗ್ರಿಗೆ ಈ ಹೆಚ್ಚಳ ಶೇಕಡ 15. ಎರಡನೆಯದಾಗಿ, ರಸ್ತೆಯ ಉಬ್ಬು ಮೇಲ್ಮುಖವಾಗಿ ಒದೆಯುತ್ತದೆ, ಸ್ಪ್ರಿಂಗಾದರೋ ಓರೆಯಾಗಿ ನಿಂತಿರುತ್ತದೆ. ಒದೆತದ ಅರ್ಧದಷ್ಟು ಬಲ ಸ್ಪ್ರಿಂಗಿಗೆ ಅಡ್ಡಲಾಗಿ ಬೀಳುತ್ತದೆ. ಅದನ್ನು ಸ್ಪ್ರಿಂಗು ನುಂಗಲಾರದು. ಟೈರು ಮತ್ತು ಚೌಕಟ್ಟುಗಳೇ ಬಾಗಿ ತಾಳಿಕೊಳ್ಳಬೇಕು.

ಬಿಗಿ ಮಾಡಿದರೆ ಆಗುವುದೇನು?

ಸ್ಪ್ರಿಂಗು ಕುಗ್ಗುವ ಪ್ರಮಾಣ ಅದರ ಮೇಲಿನ ಬಲಕ್ಕೆ ಅನುಗುಣವಾದುದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಹಿಂದಿನ ಚಕ್ರದ ಮೇಲೆ 1000 ನ್ಯೂಟನ್ ಭಾರವಿದ್ದು, ಚಕ್ರವನ್ನು ಒಂದು ಮಿಲಿಮೀಟರ್ ಮೇಲೆತ್ತಲು 20 ನ್ಯೂಟನ್ ಬೇಕಾದರೆ, ಒಟ್ಟು ಕುಗ್ಗುವಿಕೆ 50 ಮಿಲಿಮೀಟರ್. ಶಾಕ್ ಅಬ್ಸಾರ್ಬರಿನ ಬುಡದಲ್ಲಿರುವ ಮೆಟ್ಟಿಲು ಮೆಟ್ಟಿಲಾದ ಬಳೆಯನ್ನು ತಿರುಗಿಸಿ ನಾವು ಮುಂಚಿತವಾಗಿ 15 ಮಿಲಿಮೀಟರಿಗೆ ಸಮನಾಗಿ ಕುಗ್ಗಿಸಿಟ್ಟಿದ್ದರೆ, ಸವಾರ ಕುಳಿತಾಗ ಬಂಡಿ ಇಳಿಯುವುದು ಉಳಿದ 35 ಮಿಲಿಮೀಟರ್ ಮಾತ್ರ.

ಇಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದಿದೆ. ಬಳೆಯನ್ನು ತಿರುಗಿಸಿದುದರಿಂದ ಸ್ಪ್ರಿಂಗು ಗಡುಸಾಗಲಿಲ್ಲ. ಮಿಲಿಮೀಟರಿಗೆ 20 ನ್ಯೂಟನ್ ಎಂಬುದು ಹಾಗೆಯೇ ಉಳಿಯಿತು. ಬಂಡಿ ನಿಲ್ಲುವ ಎತ್ತರ ಮಾತ್ರ ಬದಲಾಯಿತು. ಪೂರ್ತಿ ಬಿಗಿ ಮಾಡಿದವನ ಬಂಡಿ ಎತ್ತರಕ್ಕೆ ನಿಲ್ಲುತ್ತದೆ, ಆದರೆ ಚಕ್ರಕ್ಕೆ ಕೆಳಗಿಳಿಯಲು ಎಡೆಯಿರುವುದಿಲ್ಲ. ತಗ್ಗು ಬಂದಾಗ ಚಕ್ರ ಅದರೊಳಕ್ಕೆ ಇಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ, ಘರ್ಷಣೆ ಸೊನ್ನೆಯಾಗುತ್ತದೆ. ತೀರ ಸಡಿಲಬಿಟ್ಟರೆ ಇದಕ್ಕೆ ವಿರುದ್ಧವಾದ ದೋಷ: ತಿರುವಿನಲ್ಲಿ ಹೆಚ್ಚುವ ಭಾರಕ್ಕೆ ಬಂಡಿ ಇನ್ನಷ್ಟು ತಗ್ಗಿ, ದೊಡ್ಡ ಉಬ್ಬು ಬಂದಾಗ ಸ್ಪ್ರಿಂಗು ತಳ ಮುಟ್ಟುತ್ತದೆ. ಹಿಂಭಾಗ ಕುಸಿದುದರಿಂದ ಮುಂದಿನ ಫೋರ್ಕು ಹೆಚ್ಚು ಓರೆಯಾಗಿ, ಬಂಡಿ ತಿರುಗಲು ಸೋಮಾರಿತನ ತೋರುತ್ತದೆ. ಹಿಂದೆ ಮತ್ತೊಬ್ಬರನ್ನು ಕೂರಿಸಿಕೊಂಡಾಗ ಬಂಡಿ ತಿರುವಿನಲ್ಲಿ ಹೊರಕ್ಕೆ ಎಳೆಯುವುದು ಇದರಿಂದಲೇ.

ಎಣ್ಣೆಯ ಕೆಲಸ

ಕೇವಲ ಸ್ಪ್ರಿಂಗಿದ್ದರೆ ಬಂಡಿ ಲೋಲಕದಂತೆ ಆಂದೋಲಿಸುತ್ತಲೇ ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಆವರ್ತಕಾಲ ಸುಮಾರು 0.45 ಸೆಕೆಂಡ್. ಅಷ್ಟರಲ್ಲಿ ಬಂಡಿ ಸಾಗುವ ದೂರ 6.7 ಮೀಟರ್. ರಸ್ತೆಯ ಅಲೆಗಳು ಅಷ್ಟೇ ಅಂತರದಲ್ಲಿದ್ದರೆ ಅನುನಾದ ಉಂಟಾಗಿ ಕುಣಿತ ಬೆಳೆಯುತ್ತ ಹೋಗುತ್ತದೆ. ಇದನ್ನು ತಡೆಯಲೆಂದೇ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆಯಿದೆ. ಸಣ್ಣ ರಂಧ್ರಗಳ ಮೂಲಕ ನುಸುಳುವ ಎಣ್ಣೆ ಚಲನಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸುತ್ತದೆ.

ಈ ತಡೆಯೂ ಮಿತಿಯಲ್ಲಿರಬೇಕು. ಸ್ಪ್ರಿಂಗು ಹಿಗ್ಗುವಾಗಿನ ತಡೆ ಕಡಿಮೆಯಾದರೆ ಒಂದು ಉಬ್ಬಿಗೆ ಬಂಡಿ ಎರಡು ಮೂರು ಸಲ ತೂಗುತ್ತದೆ. ಹೆಚ್ಚಾದರೆ ಕೇಡು ಇನ್ನೂ ಗೂಢವಾದುದು. ಎರಡೆರಡು ಮೀಟರಿಗೆ ಒಂದರಂತೆ ಉಬ್ಬುಗಳಿದ್ದರೆ ನಮ್ಮ ವೇಗದಲ್ಲಿ ಅವು 0.13 ಸೆಕೆಂಡಿಗೊಮ್ಮೆ ಎದುರಾಗುತ್ತವೆ. ಅಷ್ಟರೊಳಗೆ ಚಕ್ರ ಕೆಳಗಿಳಿಯದಿದ್ದರೆ ಎರಡನೆಯ ಉಬ್ಬು ಅದನ್ನು ಮತ್ತಷ್ಟು ಮೇಲೊತ್ತುತ್ತದೆ, ಮೂರನೆಯದು ಇನ್ನಷ್ಟು. ಕೊನೆಗೆ ಸ್ಪ್ರಿಂಗು ಇದ್ದೂ ಇಲ್ಲದಂತಾಗುತ್ತದೆ. ಮೊದಲ ಉಬ್ಬು ಮೆತ್ತಗೆ, ಮೂರನೆಯದು ಕಲ್ಲಿನಂತೆ ತಾಕಿದರೆ ಕಾರಣ ಇದೇ ಎಂದು ಶಂಕಿಸಬೇಕು. ಕುಗ್ಗುವಾಗಿನ ತಡೆ ಅತಿಯಾದರೆ ಮೊದಲ ಉಬ್ಬೇ ಚಕ್ರವನ್ನೂ ಬಂಡಿಯನ್ನೂ ಒಟ್ಟಿಗೆ ಎತ್ತಿ ಎಸೆಯುತ್ತದೆ.

ಹೊಂದಿಸುವ ಕ್ರಮ

ಮೊದಲು, ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ತಯಾರಕರು ಹೇಳಿದಷ್ಟಕ್ಕೆ ತರಬೇಕು. ಅನಂತರ ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಜೋತಾಡುತ್ತಿರುವಾಗ ಅಚ್ಚಿನಿಂದ ನೇರ ಮೇಲಕ್ಕೆ ಚೌಕಟ್ಟಿನ ಒಂದು ಗುರುತಿನವರೆಗೆ ಅಳೆಯಬೇಕು. ಬಂಡಿಯನ್ನು ಕೆಳಗಿಳಿಸಿ, ಸವಾರ ಕುಳಿತಾಗ ಗೆಳೆಯನೊಬ್ಬನಿಂದ ಅದನ್ನೇ ಮತ್ತೆ ಅಳೆಯಿಸಬೇಕು. ಇವೆರಡರ ವ್ಯತ್ಯಾಸ, ಚಕ್ರದ ಒಟ್ಟು ಚಲನೆಯ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಇದ್ದರೆ ಸರಿ. ಒಟ್ಟು ಚಲನೆ 120 ಮಿಲಿಮೀಟರ್ ಆದರೆ ಇದು 30ರಿಂದ 40 ಮಿಲಿಮೀಟರ್. ಹೆಚ್ಚು ಕಡಿಮೆಯಾದರೆ ಬಳೆಯನ್ನು ತಿರುಗಿಸಬೇಕು. ಎರಡು ಶಾಕ್ ಅಬ್ಸಾರ್ಬರುಗಳಿದ್ದರೆ ಎರಡನ್ನೂ ಒಂದೇ ಮೆಟ್ಟಿಲಿನಲ್ಲಿಡಬೇಕು. ಹಿಂದೆ ಇನ್ನೊಬ್ಬರು ಕೂರುವಾಗ ಒಂದೆರಡು ಮೆಟ್ಟಿಲು ಏರಿಸಿ, ಅವರು ಇಳಿದ ಮೇಲೆ ಮರಳಿ ಇಳಿಸಬೇಕು.

ಎಣ್ಣೆಯ ತಡೆಯನ್ನು ಬದಲಾಯಿಸುವ ತಿರುಪು ಕೆಲವು ಬಂಡಿಗಳಲ್ಲಿ ಮಾತ್ರವಿದೆ. ಇದ್ದರೆ ಮೊದಲಿನ ಸ್ಥಾನವನ್ನು ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದನ್ನೇ, ಅದೂ ಒಂದೆರಡು ಟಿಕ್ಕಿನಷ್ಟೇ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ನಿಧಾನದ ವೇಗದಲ್ಲಿ ಪರೀಕ್ಷಿಸಬೇಕು. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಎರಡನ್ನು ಒಮ್ಮೆಗೇ ಬದಲಿಸಿದರೆ ಫಲ ಯಾವುದರದೆಂದು ತಿಳಿಯದು. ತಿರುಪು ಇಲ್ಲದ ಬಂಡಿಯಲ್ಲಿ ಫೋರ್ಕಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವುದು, ಸೋರುವ ಸೀಲನ್ನು ಕೂಡಲೇ ಹಾಕಿಸುವುದು ನಮ್ಮ ಕೈಯಲ್ಲಿದೆ. ಆಸನವನ್ನು ಬಲವಾಗಿ ಅದುಮಿ ಬಿಟ್ಟಾಗ ಬಂಡಿ ಒಮ್ಮೆ ಮೇಲೆದ್ದು ನಿಂತರೆ ಒಳ್ಳೆಯದು; ಮತ್ತೆ ಮತ್ತೆ ತೂಗಿದರೆ ಎಣ್ಣೆ ತನ್ನ ಕೆಲಸ ಮಾಡುತ್ತಿಲ್ಲ.

ಈ ವಿಷಯದ ಮಹತ್ವವನ್ನು ಜಗತ್ತಿಗೆ ತೋರಿದುದು 1950ರ ಐಲ್ ಆಫ್ ಮ್ಯಾನ್ ಪಂದ್ಯ. ಸುಮಾರು 60 ಕಿಲೋಮೀಟರ್ ಸುತ್ತಳತೆಯ ಆ ದಾರಿ ಸಾರ್ವಜನಿಕ ರಸ್ತೆ; ಉಬ್ಬುತಗ್ಗಿನ ತಿರುವುಗಳಿಗೆ ಕೊರತೆಯಿಲ್ಲ. ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್ ರೂಪಿಸಿದ ಹೊಸ ಚೌಕಟ್ಟು, ತೂಗಾಡುವ ಹಿಂದಿನ ತೋಳು, ಎಣ್ಣೆಯ ಶಾಕ್ ಅಬ್ಸಾರ್ಬರುಗಳನ್ನು ಹೊಂದಿದ ನಾರ್ಟನ್ ಬಂಡಿಯ ಮೇಲೆ ಜೆಫ್ ಡ್ಯೂಕ್ ಅಲ್ಲಿ ಸೀನಿಯರ್ ಪಂದ್ಯವನ್ನು ಗೆದ್ದನು. ಆ ಚೌಕಟ್ಟಿಗೆ "ಗರಿಹಾಸಿಗೆ" ಎಂಬ ಅರ್ಥದ ಹೆಸರೇ ನಿಂತಿತು. ವೇಗ ಬರುವುದು ಎಂಜಿನ್ನಿನಿಂದ ಮಾತ್ರವಲ್ಲ, ನೆಲವನ್ನು ಬಿಡದ ಚಕ್ರದಿಂದಲೂ ಎಂಬುದು ಅಂದು ಸ್ಪಷ್ಟವಾಯಿತು.

ಕಡೆಯದಾಗಿ ಒಂದು ಲೆಕ್ಕ. ನಮ್ಮ ಸವಾರ ಅದೇ ತಿರುವಿನಲ್ಲಿ 54ರ ಬದಲು 65 ಕಿಲೋಮೀಟರ್ ವೇಗದಲ್ಲಿ ಬಂದರೆ ಬೇಕಾದ ಘರ್ಷಣೆ 0.57ರಿಂದ 0.83ಕ್ಕೆ ಏರುತ್ತದೆ. ರಸ್ತೆ ಕೊಡಬಲ್ಲುದು 0.8 ಮಾತ್ರ. ಸರಿಯಾಗಿ ಹೊಂದಿಸಿದ ಸ್ಪ್ರಿಂಗು ಇರುವ ಘರ್ಷಣೆಯನ್ನು ಕಾಪಾಡಬಲ್ಲುದೇ ಹೊರತು ಇಲ್ಲದುದನ್ನು ಸೃಷ್ಟಿಸಲಾರದು. ತಿರುವಿಗೆ ಮೊದಲೇ ವೇಗವನ್ನು ತಗ್ಗಿಸುವ ಕೆಲಸವನ್ನು ಸವಾರನ ವಿವೇಕವೇ ಮಾಡಬೇಕು.