ಊರ ಪೆಟ್ಟಿಗೆ, ಮನೆ ಪೆಟ್ಟಿಗೆ, ಕಿಸೆಯ ಪೆಟ್ಟಿಗೆ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಬಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಜನ ಸಂಜೆಯಾದರೆ ಟಿ.ವಿ. ಮುಂದೆ ಕೂಡುತ್ತಿದ್ದರು ಎಂದರೆ ಇಂದಿನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಅದೂ ಎಂಥ ಟಿ.ವಿ.! ನೇರವಾಗಿ ಉಪಗ್ರಹದಿಂದ ಚಿತ್ರ ಇಳಿಸಿಕೊಳ್ಳುವ ಟಿ.ವಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ನಡೆಸಿದ 'ಸೈಟ್' ಪ್ರಯೋಗವದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಇದಕ್ಕೆ ಆರಿಸಿದ್ದರು. ಕರ್ನಾಟಕದಿಂದ ಸೇರಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಮಳೆ ಕಡಿಮೆ, ಶಾಲೆ ಕಡಿಮೆ, ದಾರಿ ಕಡಿಮೆ ಇದ್ದ ಸೀಮೆ. ಆ ಒಂದು ವರ್ಷದ ಮಟ್ಟಿಗೆ ಹಿಂದುಳಿದಿರುವುದೇ ಅದೃಷ್ಟವಾಯಿತು.

ಎ.ಟಿ.ಎಸ್.-6 ಎಂಬ ಆ ಉಪಗ್ರಹವನ್ನು ಆಫ್ರಿಕಾದ ಮೇಲಕ್ಕೆ ತಂದು ನಿಲ್ಲಿಸಿದ್ದರು. ಅದರ ಸಂಕೇತ ಎಷ್ಟು ಪ್ರಬಲವೆಂದರೆ ಹಳ್ಳಿಯಲ್ಲಿ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿಯೊಂದಿದ್ದರೆ ಸಾಕಿತ್ತು. ಹಿಂದಿ, ಕನ್ನಡ, ಒಡಿಯಾ, ತೆಲುಗು ಭಾಷೆಗಳಲ್ಲಿ ದಿನಕ್ಕೆ ನಾಲ್ಕು ತಾಸು ಪ್ರಸಾರವಿತ್ತು. ಬೆಳಿಗ್ಗೆಯದು ಶಾಲಾ ಮಕ್ಕಳಿಗೆ, ಸಂಜೆಯದು ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಕಲ್ಯಾಣ, ನಡುವೆ ಒಂದಿಷ್ಟು ಹಾಡು ಕುಣಿತ. ವರ್ಷ ಮುಗಿದದ್ದೇ ಉಪಗ್ರಹ ಹಿಂದಿರುಗಿತು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು.

ಆ ಪೆಟ್ಟಿಗೆ ಯಾರ ಮನೆಯದೂ ಆಗಿರಲಿಲ್ಲ, ಇಡೀ ಊರಿನದಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮನೆಗಳಿಗೆ ಯಂತ್ರಗಳು ಹೇಗೆ ಬಂದವು ಎಂದು ನೋಡುವವರು ಇದನ್ನು ಮರೆಯಬಾರದು. ಮುಂದಿನ ಐವತ್ತು ವರ್ಷಗಳಲ್ಲಿ ಪೆಟ್ಟಿಗೆ ಊರಿಂದ ಮನೆಗೆ ಬಂತು, ಮನೆಯಿಂದ ಕಿಸೆಗೆ ಇಳಿಯಿತು. ಒಂದೊಂದು ಮೆಟ್ಟಿಲಿನಲ್ಲೂ ಯಂತ್ರ ಯಾರದು ಎಂಬುದರ ಮೇಲೇ ಅದರಿಂದ ಯಾರು ಏನು ಕಲಿತರು ಎಂಬುದು ನಿಂತಿತ್ತು.

ಮನೆಗೆ ಮೊದಲು ಬಂದ ಯಂತ್ರವೆಂದರೆ ರೇಡಿಯೊ. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಲೈಸೆನ್ಸ್ ಪುಸ್ತಕ ನವೀಕರಿಸಿಕೊಳ್ಳಬೇಕಿದ್ದ ಕಾಲ. ಸಂಜೆಗೆ ಧಾರವಾಡ ಆಕಾಶವಾಣಿ. ಎಂಬತ್ತರ ದಶಕದಲ್ಲಿ ಟಿ.ವಿ. ಬಂತು. ಮರದ ಕಪಾಟಿನಂಥ ಪೆಟ್ಟಿಗೆ, ಅದಕ್ಕೆ ಎಳೆದು ಮುಚ್ಚುವ ಬಾಗಿಲು, ಬೀಗ. ಬೀಗದ ಕೈ ಅಪ್ಪನ ಹತ್ತಿರ. ಮಾಳಿಗೆಯ ಮೇಲೆ ನಿಂತು ಆ್ಯಂಟೆನಾ ತಿರುಗಿಸುವ ಹುಡುಗ 'ಬಂತೇನು?' ಎಂದರೆ ಕೆಳಗಿನಿಂದ 'ಬರೇ ಚುಕ್ಕಿ ಬರಾಕತ್ತಾವ' ಎಂಬ ಉತ್ತರ. 1987–88ರಲ್ಲಿ ಭಾನುವಾರ ಬೆಳಿಗ್ಗೆ 'ರಾಮಾಯಣ' ಬರುವಾಗ ಟಿ.ವಿ. ಇದ್ದ ಮನೆಯ ಪಡಸಾಲೆ ಓಣಿಯ ಪಡಸಾಲೆಯಾಗುತ್ತಿತ್ತು. ಪೆಟ್ಟಿಗೆ ಒಂದು ಮನೆಯದಾದರೂ ನೋಟ ಇನ್ನೂ ಎಲ್ಲರದಾಗಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಅದೇ ಟಿ.ವಿ.ಗೆ ಇನ್ನೊಂದು ವಸ್ತು ಅಂಟಿಕೊಂಡಿತು: ವಿಡಿಯೊ ಗೇಮ್. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಹೊರತಂದ 'ಫ್ಯಾಮಿಕಾಮ್' ಯಂತ್ರದ ನಕಲುಗಳೇ ನಮ್ಮಲ್ಲಿ ಹೆಚ್ಚು ಮಾರಾಟವಾದದ್ದು. ಪೆಟ್ಟಿಗೆಯ ಮೇಲೆ 'ಮೀಡಿಯಾ', 'ಟರ್ಮಿನೇಟರ್' ಎಂದೆಲ್ಲ ಹೆಸರು. ನಮ್ಮ ಹುಡುಗರು ಆಟದ ಚೀಟಿಗೆ 'ಕ್ಯಾಸೆಟ್' ಎಂದೇ ಕರೆದರು. ಇಂಡಿ ಕಡೆಯವರಿಗೆ ಇಂಥ ಸಾಮಾನಿಗೆ ಸೊಲ್ಲಾಪುರದ ಪೇಟೆ ಹತ್ತಿರ, ಸಿಂದಗಿಯವರಿಗೆ ಗುಲಬರ್ಗಾ ಇಲ್ಲವೆ ಬಿಜಾಪುರ, ಮುದ್ದೇಬಿಹಾಳದವರಿಗೆ ಬಾಗಲಕೋಟೆ, ಹುಬ್ಬಳ್ಳಿ. ಕೊಳ್ಳಲಾಗದವರಿಗೆ ತಾಸಿಗೆ ಇಷ್ಟು ಎಂದು ಹಣ ಕೊಟ್ಟು ಆಡುವ ಅಂಗಡಿ.

ಕ್ಯಾಸೆಟ್ಟಿನ ಮೇಲೆ '9999 ಆಟಗಳು' ಎಂದು ಬರೆದಿರುತ್ತಿತ್ತು. ಒಳಗೆ ನಿಜವಾಗಿ ಇದ್ದದ್ದು ಹತ್ತಿಪ್ಪತ್ತು ಆಟ. ಅವನ್ನೇ ಬೇರೆ ಬೇರೆ ಹಂತದಿಂದ ಶುರು ಮಾಡಿಸಿ ಲೆಕ್ಕ ಹಿಗ್ಗಿಸಿದ್ದರು. ವ್ಯಾಪಾರದ ಗಣಿತದಲ್ಲಿ ಅನೇಕ ಮಕ್ಕಳಿಗೆ ಸಿಕ್ಕ ಮೊದಲ ಪಾಠವದು. ಆಟ ಮೂಡದಿದ್ದರೆ ಕ್ಯಾಸೆಟ್ ತೆಗೆದು ಉಫ್ ಎಂದು ಊದಿ ಮತ್ತೆ ಸಿಗಿಸುವುದು ವಾಡಿಕೆ. ಊದಿದ್ದರಿಂದಲೇ ಸರಿಹೋಯಿತೆಂದು ಎಲ್ಲರೂ ನಂಬಿದ್ದರು. ನಿಜವಾಗಿ ಕೆಲಸ ಮಾಡಿದ್ದು ತೆಗೆದು ಹಾಕಿದ್ದು. ತಾಮ್ರದ ಹಲ್ಲುಗಳು ಮತ್ತೆ ಸರಿಯಾಗಿ ಕೂಡುತ್ತಿದ್ದವು. ಬಾಯಿಯ ತೇವ ಆ ಹಲ್ಲುಗಳಿಗೆ ಕಿಲುಬು ಹಿಡಿಸುತ್ತಿತ್ತು, ಅಷ್ಟೇ.

ಬಾತುಕೋಳಿ ಬೇಟೆಯ ಪಿಸ್ತೂಲು ಇನ್ನೂ ಸ್ವಾರಸ್ಯದ್ದು. ಪಿಸ್ತೂಲಿನಿಂದ ಏನೂ ಹೊರಗೆ ಹೋಗುವುದಿಲ್ಲ. ಕುದುರೆ ಎಳೆದ ಕ್ಷಣ ಪರದೆಯೆಲ್ಲ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲಿನ ಮೂತಿಯಲ್ಲಿರುವ ಕಣ್ಣು ಆ ಬೆಳಕನ್ನು ಕಂಡರೆ ಗುರಿ ಬಿತ್ತೆಂದು ಲೆಕ್ಕ. ಹಳೆಯ ದಪ್ಪ ಟಿ.ವಿ. ಗೆರೆಗೆರೆಯಾಗಿ ಚಿತ್ರ ಬರೆಯುತ್ತಿದ್ದ ವೇಗಕ್ಕೆ ಹೊಂದಿಸಿದ ಉಪಾಯವಿದು. ಇಂದಿನ ತೆಳ್ಳನೆಯ ಟಿ.ವಿ.ಗೆ ಅದೇ ಪಿಸ್ತೂಲು ಜೋಡಿಸಿದರೆ ಕೆಲಸ ಮಾಡದು. ಇಡೀ ಯಂತ್ರದ ಕೆಲಸದ ನೆನಪು ಕೇವಲ 2 ಕಿಲೊಬೈಟ್. ಈಗ ಸಾಧಾರಣ ಫೋನಿನಲ್ಲಿರುವ 4 ಗಿಗಾಬೈಟ್ ಅದರ 20 ಲಕ್ಷ ಪಟ್ಟಿಗೂ ಹೆಚ್ಚು.

ಆಟದ ಅಂಗಡಿ ಹುಡುಗರ ಜಾಗವಾಗಿತ್ತು. ಹುಡುಗಿಯರು ಅತ್ತ ಸುಳಿಯುತ್ತಿರಲಿಲ್ಲ. ಅವರಿಗೆ ಮನೆಯವರ ಒಪ್ಪಿಗೆ ಇದ್ದ ಯಂತ್ರವೆಂದರೆ ಹೊಲಿಗೆಯಂತ್ರ, ಮತ್ತು ಟೈಪಿಂಗ್ ಕ್ಲಾಸಿನ ಬೆರಳಚ್ಚು ಯಂತ್ರ. ತಾಲ್ಲೂಕು ಊರಿನ ಬೆರಳಚ್ಚು ಶಾಲೆಯಲ್ಲಿ ಟಕಟಕ ಎಂದು ಕುಟ್ಟಿ ಪರೀಕ್ಷೆ ಪಾಸಾದವರು ಮುಂದೆ ಅದೇ ಕೋಣೆಯಲ್ಲಿ ಕಂಪ್ಯೂಟರು ಬಂದಾಗ ತಡವರಿಸಲಿಲ್ಲ. ಕೀಲಿಗಳ ಜೋಡಣೆ ಒಂದೇ ತಾನೆ! ವಿಡಿಯೊ ಗೇಮ್ ಮನೆಗೆ ತರಿಸಿಕೊಂಡ ಅಣ್ಣನಿಗಿಂತ, ಯಾರದೋ ಯಂತ್ರದ ಮೇಲೆ ದಿನಕ್ಕೊಂದು ತಾಸು ಕೂತ ತಂಗಿಗೆ ಹೆಚ್ಚು ದಕ್ಕಿತು ಎಂದರೆ ತಪ್ಪಾಗದು.

ಆ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ದೂಳಿನ ಭಯ ಒಂದು ಕಡೆ, ಭಕ್ತಿ ಇನ್ನೊಂದು ಕಡೆ. ಡಾಸ್, ವರ್ಡ್‌ಸ್ಟಾರ್, ಲೋಟಸ್, ಫಾಕ್ಸ್‌ಪ್ರೊ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದವರೂ ಇದ್ದರು. 1.44 ಮೆಗಾಬೈಟ್‌ನ ಫ್ಲಾಪಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಡೆಯುವ ಠೀವಿಯೇ ಬೇರೆ. ಇಂದಿನ ಫೋನ್ ತೆಗೆಯುವ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದು ಕಷ್ಟ.

ಆದರೆ ಈ ನಾಲ್ಕೂ ತಾಲ್ಲೂಕುಗಳ ಸಾಮಾನ್ಯ ಒಕ್ಕಲಿಗರು ಕಂಪ್ಯೂಟರಿನ ಮುಖ ಮೊದಲು ಕಂಡದ್ದು ಇನ್‌ಸ್ಟಿಟ್ಯೂಟಿನಲ್ಲೂ ಅಲ್ಲ, ಮನೆಯಲ್ಲೂ ಅಲ್ಲ. ತಹಶೀಲ್ದಾರ್ ಕಚೇರಿಯಲ್ಲಿ. 2000ದಿಂದ 2002ರ ನಡುವೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಅಲ್ಲಿಯವರೆಗೆ ಉತಾರ ಬೇಕೆಂದರೆ ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಸಿಕ್ಕರೆ ಪುಸ್ತಕ ಇರುತ್ತಿರಲಿಲ್ಲ, ಪುಸ್ತಕವಿದ್ದರೆ ಪುರಸೊತ್ತಿರುತ್ತಿರಲಿಲ್ಲ. 'ಭೂಮಿ' ಬಂದ ಮೇಲೆ ಕಿಟಕಿಯಲ್ಲಿ ಆಗಿನ ದರದಂತೆ 15 ರೂಪಾಯಿ ಕೊಟ್ಟು ಸರ್ವೆ ನಂಬರ್ ಹೇಳಿದರೆ ಕನ್ನಡದಲ್ಲಿ ಅಚ್ಚಾದ ಕಾಗದ ಕೈಗೆ ಬರುತ್ತಿತ್ತು. ಯೋಜನೆಯಲ್ಲಿ ಇನ್ನೊಂದು ಜಾಣತನವಿತ್ತು: ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದರು, ಒಳಗೆ ಏನು ನಡೆದಿದೆ ಎಂದು ಅವನಿಗೂ ಕಾಣಲೆಂದು. ಓದಲು ಬಾರದವರು ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆತರುವುದು ಈ ಸೀಮೆಯ ಕಚೇರಿಗಳಲ್ಲಿ ಹೊಸತಲ್ಲ. ಅಪ್ಪನ ಹೆಸರು, ಹೊಲದ ಎಕರೆ ಗುಂಟೆ ಗಾಜಿನ ಮೇಲೆ ಮೂಡುವುದನ್ನು ಕಂಡ ಮಗುವಿಗೆ ಕಂಪ್ಯೂಟರೆಂದರೆ ಆಟದ ಸಾಮಾನಲ್ಲ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕನ್ನಡ ಅಕ್ಷರದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಬಂದ ಮೇಲೆಯೇ ತಾಲ್ಲೂಕು ಊರುಗಳ ಡಿ.ಟಿ.ಪಿ. ಅಂಗಡಿಗಳಿಗೆ ಜೀವ ಬಂದದ್ದು. ಮದುವೆಯ ಕಾರ್ಡು, ಜಾತ್ರೆಯ ಕರಪತ್ರ, ಕೋರ್ಟಿನ ಅರ್ಜಿ. ಟೈಪಿಂಗ್ ಕಲಿತ ಎಷ್ಟೋ ಜನರ ಹೊಟ್ಟೆ ತುಂಬಿದ್ದು ಇದರಿಂದ.

ಮನೆಗೆ ಕಂಪ್ಯೂಟರ್ ಬಂದದ್ದು ಕೆಲವೇ ಕುಟುಂಬಗಳಿಗೆ. ಮಾಸ್ತರು, ಡಾಕ್ಟರು, ವಕೀಲರು, ಅಡತಿ ಅಂಗಡಿಯವರು. ಬಿಡಿಭಾಗ ಜೋಡಿಸಿ ಕೊಡುವ ಅಂಗಡಿಯಿಂದ ತಂದು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಪಕ್ಕದಲ್ಲಿ ಯು.ಪಿ.ಎಸ್. ಯು.ಪಿ.ಎಸ್. ಇಲ್ಲದೆ ನಡೆಯದು, ಏಕೆಂದರೆ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ಬಸವನ ಬಾಗೇವಾಡಿ ಸೀಮೆಯಲ್ಲೇ 290 ಮೆಗಾವ್ಯಾಟ್‌ನ ಆಲಮಟ್ಟಿ ಜಲವಿದ್ಯುತ್ ಕೇಂದ್ರವಿದೆ, ಆಮೇಲೆ 2400 ಮೆಗಾವ್ಯಾಟ್‌ನ ಕೂಡಗಿ ಸ್ಥಾವರವೂ ಬಂತು. ದೀಪದ ಬುಡದ ಕತ್ತಲಿನ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೀಗೆ ಮನೆ ಪೆಟ್ಟಿಗೆ ಹಳ್ಳಿಗೆ ಪೂರ್ತಿ ತಲುಪುವ ಮೊದಲೇ ಕಿಸೆಯ ಪೆಟ್ಟಿಗೆ ಬಂದುಬಿಟ್ಟಿತು. 2003ರ ನೋಕಿಯಾ 1100 ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ದೂಳು ಹೋಗದ ಕೀಲಿಗಳು, ಹಾವಿನ ಆಟ, ನೆತ್ತಿಯಲ್ಲಿ ಬ್ಯಾಟರಿ ದೀಪ. ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ಪಂಪ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತನಿಗೆ ಫೋನಿಗಿಂತ ಆ ದೀಪವೇ ಹೆಚ್ಚು ಉಪಯೋಗಕ್ಕೆ ಬಂತು. 2016ರ ನಂತರ ಇಂಟರ್‌ನೆಟ್ ಅಗ್ಗವಾಗಿ ಸ್ಮಾರ್ಟ್‌ಫೋನ್ ಮನೆಮನೆಗೂ ಇಳಿಯಿತು.

2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಯಂತ್ರ ಯಾರದು ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಮನೆಗೆ ಒಂದೇ ಫೋನ್, ಅದು ಅಪ್ಪನದು, ಅಪ್ಪ ಹೊಲದಲ್ಲಿ. ಪಾಠದ ಹೊತ್ತಿಗೆ ಫೋನ್ ಸಿಕ್ಕರೂ ಎರಡು ಮೂರು ಮಕ್ಕಳಲ್ಲಿ ಯಾರಿಗೆ? ಹತ್ತನೆಯ ಇಯತ್ತೆಯ ಮಗನಿಗೋ, ಎಂಟನೆಯ ಇಯತ್ತೆಯ ಮಗಳಿಗೋ? ಆ ವರ್ಷ ಜುಲೈನಲ್ಲಿ ದೂರದರ್ಶನದ 'ಚಂದನ'ದಲ್ಲಿ 'ಸೇತುಬಂಧ' ಪಾಠಗಳು ಶುರುವಾದವು. ಆಗಸ್ಟಿನಲ್ಲಿ 'ವಿದ್ಯಾಗಮ' ಯೋಜನೆಯಡಿ ಶಿಕ್ಷಕರೇ ಓಣಿಗೆ, ಗುಡಿಯ ಕಟ್ಟೆಗೆ ಬಂದು ಪಾಠ ಹೇಳಿದರು. 1975ರಲ್ಲಿ ಟಿ.ವಿ. ಮುಂದೆ ಪಾಠಕ್ಕೆ ಕೂತ ಮಕ್ಕಳ ಮೊಮ್ಮಕ್ಕಳು 45 ವರ್ಷದ ಮೇಲೆ ಮತ್ತೆ ಟಿ.ವಿ. ಮುಂದೆ ಪಾಠಕ್ಕೆ ಕೂತಂತಾಯಿತು.

ಆಗ ಸಾಲ ಮಾಡಿ ಕೊಂಡ ಫೋನ್ ಅನೇಕ ಮನೆಗಳಲ್ಲಿ ಮಕ್ಕಳ ಕೈಯಲ್ಲೇ ಉಳಿದಿದೆ. ತಂದೆ-ತಾಯಿ ಯೋಚಿಸಬೇಕಾದದ್ದು ಇಲ್ಲಿ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ನೂರಕ್ಕೆ 23.4 ಮನೆಗಳಲ್ಲಿ ಕಂಪ್ಯೂಟರಿದ್ದರೆ, ಹಳ್ಳಿಗಳಲ್ಲಿ 4.4 ಮನೆಗಳಲ್ಲಿ ಮಾತ್ರ. ಫೋನ್ ಇದೆಯಲ್ಲ, ಮತ್ತೇಕೆ ಕಂಪ್ಯೂಟರ್ ಎನ್ನುವವರಿದ್ದಾರೆ. ಫೋನ್ ನೋಡಲು ಒಳ್ಳೆಯದು. ಪುಟಗಟ್ಟಲೆ ಬರೆಯಲು, ಲೆಕ್ಕದ ಕೋಷ್ಟಕ ಹಾಕಲು, ಪ್ರೋಗ್ರಾಂ ಬರೆದು ತಪ್ಪಿದ್ದಲ್ಲಿ ತಿದ್ದಲು ಕೀಲಿಮಣೆ ಬೇಕು, ಅಗಲದ ಪರದೆ ಬೇಕು. ಫೋನಿನಲ್ಲಿ ಬೆರಳು ಮಿಂಚಿನಂತೆ ಓಡಿಸುವ ಹುಡುಗ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುವಂತಾದರೆ ಅದು ಅವನ ದಡ್ಡತನವಲ್ಲ. ಅವನಿಗೆ ಆ ಯಂತ್ರ ಸಿಕ್ಕಿರಲಿಲ್ಲ, ಅಷ್ಟೇ. ಮಗಳಿಗಂತೂ ಫೋನೂ ಮಗನ ಸರದಿ ಮುಗಿದ ಮೇಲೆ. ಹೊಸ ಫೋನಿಗೆ ಹಣ ಕೂಡಿಸುವ ಮನೆಯವರು ಅದೇ ಹಣಕ್ಕೆ ಬಳಸಿದ ಲ್ಯಾಪ್‌ಟಾಪ್ ಒಂದು ಸಿಗುತ್ತದೆಯೇ ಎಂದು ಮೊದಲು ನೋಡುವುದು ಲೇಸು. ಅದನ್ನು ಪಡಸಾಲೆಯಲ್ಲಿಟ್ಟು ಎಲ್ಲರಿಗೂ ತಾಸಿನ ಲೆಕ್ಕ ಹಾಕಿದರೆ ಇನ್ನೂ ಲೇಸು.

ಅದೂ ಆಗದವರಿಗೆ ಊರಿನ ಪೆಟ್ಟಿಗೆಯೇ ಗತಿ. ಅದು ಪೂರ್ತಿ ಮಾಯವಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ, ಹಲವು ಕಡೆ ಕಂಪ್ಯೂಟರುಗಳೂ ಬಂದಿವೆ. ಮಕ್ಕಳಿಗೆ ಸದಸ್ಯತ್ವ ಉಚಿತ. ನಿಮ್ಮ ಊರಿನದು ನಡೆಯುತ್ತಿದೆಯೇ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಹುಡುಗಿಯರೂ ಕೂಡಲು ಜಾಗವಿದೆಯೇ ಎಂದು ಹೋಗಿ ವಿಚಾರಿಸಿ ಬರಲು ಒಂದು ಸಂಜೆ ಸಾಕು.